ಅರೆತಲೆನೋವು, ಅರೆಮೀಸೆ

ಬೆರಳಣ್ಣನಿಗೆ ತಲೆನೋವು ಬಂದದ್ದರಲ್ಲಿ ವಿಶೇಷವೇನೂ ಇಲ್ಲ. ತಲೆಯಿದ್ದವರಿಗೆಲ್ಲ ಅದು ಬರುತ್ತದೆ. ಆದರೆ ಅವನಿಗೆ ಬರಬಾರದಿತ್ತು. ಏಕೆಂದರೆ ಅವನ ಸಲೂನಿನ ಬಾಗಿಲ ಮೇಲೆ, ಬಾಗಿಲಿಗಿಂತ ಅಗಲವಾದ ಫಲಕವೊಂದರಲ್ಲಿ, ಕೆಂಪು ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ತಲೆನೋವೇ? ತಲೆ ಒಳಗೆ ತನ್ನಿ, ನೋವು ಹೊರಗೆ ಹೋಗುತ್ತದೆ.’

ಫಲಕ ಬರೆಸುವ ಮೊದಲು ಅವನು ಎಲ್ಲ ಕ್ಷೌರಿಕರಂತೆ ಗಿರಾಕಿಗಳ ಕೂದಲು ಕತ್ತರಿಸಿಕೊಂಡು, ಗಡ್ಡ ಹೆರೆದುಕೊಂಡು ಸುಖವಾಗಿದ್ದ. ಹನ್ನೆರಡು ವರ್ಷದ ಹಿಂದೊಂದು ಭಾನುವಾರ, ನಿವೃತ್ತ ಹೆಡ್‌ಮಾಸ್ತರರು ಕ್ಷೌರಕ್ಕೆ ಬಂದವರು ತಲೆ ಸಿಡಿಯುತ್ತಿದೆ ಎಂದರು. ಇವನು ಹೆಂಡತಿಯ ಸೋದರಮಾವ ಹೇಳಿಕೊಟ್ಟಿದ್ದ ಎಣ್ಣೆಯೊಂದನ್ನು ಅಂಗೈ ತುಂಬ ಸುರಿದುಕೊಂಡು ಅವರ ತಲೆಯನ್ನು ಹತ್ತೂ ಬೆರಳಿನಿಂದ ತಿಕ್ಕಿದ. ಹೆಡ್‌ಮಾಸ್ತರರು ಕಣ್ಣು ಮುಚ್ಚಿ “ಆ... ಹಾ...” ಎಂದರು. ಅಷ್ಟೇ. ಮುಂದಿನ ವಾರಕ್ಕೆ ಫಲಕ ಬಂತು, ಅದರ ಮುಂದಿನ ವಾರಕ್ಕೆ ಬೆರಳಣ್ಣ ಎಂಬ ಹೆಸರು ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಎಣ್ಣೆಯಲ್ಲಿ ಏನೇನಿತ್ತು ಎಂದು ಅವನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಬೀದಿಯ ತಿರುವಿನಲ್ಲೇ ಮೂಗಿಗೆ ತಿಳಿಯುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನು ಗಿರಾಕಿಯೊಬ್ಬನ ಕತ್ತಿನ ಕೂದಲು ಸಮ ಮಾಡುತ್ತಿದ್ದಾಗ ಕನ್ನಡಿಯ ಮೂಲೆಯಲ್ಲಿ ಏನೋ ಮಿನುಗಿತು. ಬಾಚಣಿಗೆಯ ಹಲ್ಲಿನಂತೆ ಅಂಕುಡೊಂಕಾದ ಬೆಳ್ಳಿಗೆರೆ. ಅವನು ಬಟ್ಟೆಯಿಂದ ಕನ್ನಡಿ ಒರೆಸಿದ. ಹೋಗಲಿಲ್ಲ. ಬಟ್ಟೆ ಒದ್ದೆ ಮಾಡಿ ಒರೆಸಿದ. ಗೆರೆ ಇನ್ನಷ್ಟು ದೊಡ್ಡದಾಯಿತು.

“ಏನಣ್ಣ, ನನ್ನ ಕೂದಲು ಬಿಟ್ಟು ಕನ್ನಡಿಗೆ ಕ್ಷೌರ ಮಾಡ್ತಿದೀಯಾ?” ಎಂದ ಗಿರಾಕಿ.

ಇಪ್ಪತ್ತು ನಿಮಿಷಕ್ಕೆ ಬೆಳ್ಳಿಗೆರೆ ಹೋಯಿತು, ಅದರ ಜಾಗಕ್ಕೆ ನೋವು ಬಂತು. ಇಡೀ ತಲೆಗಲ್ಲ, ಬಲಗಡೆಯ ಅರ್ಧಕ್ಕೆ ಮಾತ್ರ. ನಾಡಿ ಬಡಿದಷ್ಟು ಸಲ ಯಾರೋ ಕಣತಲೆಗೆ ಮೊಳೆ ಹೊಡೆದ ಹಾಗೆ. ಕಿಟಕಿಯ ಬೆಳಕು ಕಣ್ಣಿಗೆ ಇರಿಯಿತು. ಕೂದಲು ಕತ್ತರಿಸುವ ಯಂತ್ರದ ಗುಂಯ್ ಎನ್ನುವ ಸದ್ದು ತಲೆಯ ಮೇಲೆ ಲಾರಿ ಹತ್ತಿಸಿದಂತಾಯಿತು. ಗಿರಾಕಿಯನ್ನು ಹಾಗೂ ಹೀಗೂ ಮುಗಿಸಿ, ಹಿಂದಿನ ಕೋಣೆಗೆ ಓಡಿ ವಾಂತಿ ಮಾಡಿದ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅಂಗಡಿ ಮುಚ್ಚಿದ. ಆಮೇಲೆ, ಮದ್ದು ಕೈಯಲ್ಲೇ ಇರುವಾಗ ಚಿಂತೆಯೇಕೆಂದು ತನ್ನ ಎಣ್ಣೆಯನ್ನು ತನ್ನ ತಲೆಗೇ ಹಚ್ಚಿ ತಿಕ್ಕಿಕೊಂಡ. ಅದುವರೆಗೆ ಒಬ್ಬನೇ ಹೊಡೆಯುತ್ತಿದ್ದ ಮೊಳೆಯನ್ನು ಈಗ ಇಬ್ಬರು ಸೇರಿ ಹೊಡೆಯತೊಡಗಿದರು.

ಇದು ತಿಂಗಳಲ್ಲಿ ನಾಲ್ಕು ಸಲವಾಯಿತು. ತಲೆನೋವು ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ಬಾಗಿಲ ಮೇಲಿನ ಕೆಂಪು ಅಕ್ಷರಗಳು ಅವನನ್ನೇ ನೋಡಿ ನಕ್ಕಾವು. ಬೆಳಕು ಚುಚ್ಚುವುದಕ್ಕಾದರೂ ಉಪಾಯ ಬೇಕಿತ್ತು. ಹೆಂಡತಿಯ ಹಳೆಯ ಕಪ್ಪು ಕನ್ನಡಕವೊಂದು ಕಪಾಟಿನಲ್ಲಿತ್ತು. ಅದನ್ನು ಹಾಕಿಕೊಂಡು ಅಂಗಡಿಗೆ ಬಂದ.

ಎದುರು ಸಾಲಿನಲ್ಲಿ ಕನ್ನಡಕದ ಅಂಗಡಿಯಿತ್ತು. ಅದರ ಯಜಮಾನ ಹತ್ತೇ ನಿಮಿಷದಲ್ಲಿ ರಸ್ತೆ ದಾಟಿ ಬಂದ.

“ನನ್ನ ಅಂಗಡಿ ಎದುರಿಗೇ ಇಟ್ಕೊಂಡು ಇದನ್ನ ಎಲ್ಲಿಂದ ತಂದೆ? ಕಣ್ಣಿಗೇನಾಯ್ತು?”

ಬೆರಳಣ್ಣ ಕ್ಷಣಕಾಲ ಯೋಚಿಸಿದ. ತಲೆಯ ಕಾಯಿಲೆಗಿಂತ ಕಣ್ಣಿನ ಕಾಯಿಲೆ ಮರ್ಯಾದಸ್ಥರದು ಅನ್ನಿಸಿತು. “ಬೆಳಕು ಸ್ವಲ್ಪ ಚುಚ್ಚುತ್ತೆ, ಅಷ್ಟೇ,” ಎಂದ.

ಕನ್ನಡಕದವನು ಔಷಧಿ ಅಂಗಡಿಯಲ್ಲಿ ಹೇಳಿದ್ದು, ಬೆರಳಣ್ಣನ ದೃಷ್ಟಿ ಮಂಜಾಗಿದೆ ಎಂದು. ಔಷಧಿ ಅಂಗಡಿಯವನು ಚಹಾದಂಗಡಿಯಲ್ಲಿ ಹೇಳಿದ್ದು, ಒಂದು ಕಣ್ಣು ಹೋಗಿದೆ ಎಂದು. ಚಹಾದಂಗಡಿಯವನು ಉದಾರಿ, ಎರಡನ್ನೂ ತೆಗೆದುಬಿಟ್ಟ. ಸಂಜೆಯ ಹೊತ್ತಿಗೆ ಹಿಂದಿನ ಬೀದಿಯ ಹೆಂಗಸೊಬ್ಬಳು ಬಂದು ಒಂದು ಊರುಗೋಲನ್ನು ಸಲೂನಿನ ಬಾಗಿಲಿಗೆ ಒರಗಿಸಿ, “ನಮ್ಮ ಮಾವನದು. ಇನ್ನು ಅವರಿಗೆ ಬೇಕಾಗಲ್ಲ,” ಎಂದು ಕಣ್ಣೊರೆಸಿಕೊಂಡು ಹೋದಳು.

ಗಿರಾಕಿಗಳು ಬರುವುದನ್ನೇನೂ ಬಿಡಲಿಲ್ಲ. ಆದರೆ ಬಂದವರು ಕುರ್ಚಿಯಲ್ಲಿ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂರತೊಡಗಿದರು. ಒಬ್ಬ ಕನ್ನಡಿಯಲ್ಲಿ ಮೂರು ಬೆರಳು ತೋರಿಸಿ, “ಎಷ್ಟು?” ಎಂದ. ಇನ್ನೊಬ್ಬ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, “ಇವತ್ತು ತಾರೀಕೆಷ್ಟು, ನೋಡಿ ಹೇಳಪ್ಪ,” ಎಂದ. ಬೆರಳಣ್ಣ ಕಟ್ಟುನಿಟ್ಟಾಗಿ ನೋಡಿ, ಓದಿ ಹೇಳಿದ. ಕ್ಯಾಲೆಂಡರಿನ ಹಾಳೆ ಹರಿಯುವುದನ್ನು ಅವನು ಎರಡು ತಿಂಗಳಿಂದ ಮರೆತಿದ್ದ. ಗಿರಾಕಿ ಸದ್ದಿಲ್ಲದೆ ಎದ್ದು ಹೋದ.

ಅವನ ಹೆಂಡತಿ ನಗರ ಸಾರಿಗೆಯಲ್ಲಿ ಕಂಡಕ್ಟರು. ಇಪ್ಪತ್ತು ವರ್ಷದ ಕೆಲಸ ಅವಳ ಗಂಟಲನ್ನು ಬಸ್ಸಿನ ಹಿಂಬಾಗಿಲಿಂದ ಮುಂಬಾಗಿಲಿಗೆ ಮುಟ್ಟುವಂತೆ ತಯಾರು ಮಾಡಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರು ಉಪ್ಪು ತಂದುಕೊಡುತ್ತಿದ್ದರು. ಒಂದು ದಿನ ಮೂರನೇ ನಿಲ್ದಾಣದಲ್ಲಿ ಹತ್ತಿದ ಮುದುಕಿಯೊಬ್ಬಳು ಟಿಕೆಟು ತೆಗೆದುಕೊಳ್ಳುವ ಬದಲು ಅವಳ ಕೈಯನ್ನೇ ಹಿಡಿದುಕೊಂಡಳು.

“ಧೈರ್ಯ ತಗೋಮ್ಮ. ಕಣ್ಣಿಲ್ಲದವರನ್ನ ನೋಡ್ಕೊಳ್ಳೋದು ಪುಣ್ಯದ ಕೆಲಸ.”

“ಯಾರಿಗೆ ಕಣ್ಣಿಲ್ಲ?”

“ನಿನ್ನ ಗಂಡಂಗೆ.”

“ಬೆಳಿಗ್ಗೆ ಇತ್ತಲ್ಲ!” ಎಂದಳು ಕಂಡಕ್ಟರು, ಇಡೀ ಬಸ್ಸಿಗೆ ಕೇಳುವಂತೆ.

ಮನೆಗೆ ಬಂದವಳೇ ಅವನ ಮುಖದಿಂದ ಕನ್ನಡಕ ಕಿತ್ತಳು. ಬೆರಳಣ್ಣ ಎಲ್ಲವನ್ನೂ ಒಪ್ಪಿಕೊಂಡ: ಬಾಚಣಿಗೆಯ ಹಲ್ಲು, ಮೊಳೆ, ವಾಂತಿ. ಅವಳು ಕೇಳಿ ನಕ್ಕಳು. ಆ ನಗುವಿಗೆ ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡದ್ದು ಕಂಡು ನಗು ನಿಲ್ಲಿಸಿದಳು.

“ನಾಳೆನೇ ಡಾಕ್ಟ್ರ ಹತ್ರ ಹೋಗೋಣ.”

“ಬೇಡ. ಈ ಬೀದೀಲಿ ಯಾರ ಹತ್ರ ಹೋದ್ರೂ ಮಾತ್ರೆ ಬರೀತಾರೆ. ಮಾತ್ರೆ ತಗೊಳ್ಳೋಕೆ ಔಷಧಿ ಅಂಗಡಿಗೆ ಹೋಗ್ಬೇಕು. ಅವನು ಚಹಾದಂಗಡೀಲಿ ಹೇಳ್ತಾನೆ.”

“ಈಗ ಕುರುಡ ಅಂತಿದಾರಲ್ಲ, ಅದು ಪರವಾಗಿಲ್ವಾ?”

“ಕುರುಡ ಅಂದ್ರೆ ಅನ್ಲಿ. ತಲೆನೋವಿನವನು ಅಂತ ಮಾತ್ರ ಅನ್ನಿಸ್ಕೊಳ್ಳಲ್ಲ.”

ಇಂಥ ಗಟ್ಟಿ ನಿರ್ಧಾರಗಳು ಬಹಳ ದಿನ ಬಾಳುವುದಿಲ್ಲ. ಅದೇ ವಾರ ನಗರಸಭೆಗೆ ಒಂದು ಅರ್ಜಿ ಹೋಯಿತು. ‘ದೃಷ್ಟಿ ಕಳೆದುಕೊಂಡ ವ್ಯಕ್ತಿಯ ಕೈಯಲ್ಲಿ ಹರಿತವಾದ ಕತ್ತಿ ಇರುವುದು ಅವರ ಕ್ಷೇಮಕ್ಕೂ ನಮ್ಮ ಕತ್ತುಗಳ ಕ್ಷೇಮಕ್ಕೂ ಹಿತವಲ್ಲವೆಂದು ವಿನಮ್ರವಾಗಿ ತಿಳಿಸುತ್ತೇವೆ.’ ಅಲ್ಪವಿರಾಮ, ಪೂರ್ಣವಿರಾಮಗಳೆಲ್ಲ ಜಾಗದಲ್ಲೇ ಇದ್ದವು. ಕೆಳಗೆ ಹದಿನೇಳು ಸಹಿ.

ಅರ್ಜಿಯ ಹಿಂದೆಯೇ ಆರೋಗ್ಯ ನಿರೀಕ್ಷಕರು ಬಂದರು. ಮೊದಲು ಅವರ ಮೀಸೆ ಸಲೂನಿನೊಳಗೆ ಬಂತು, ಆಮೇಲೆ ಅವರು. ಹದಿನೆಂಟು ವರ್ಷ ಸಾಕಿದ ಮೀಸೆ. ಅದರ ಎರಡು ತುದಿಗಳು ಎರಡು ಕೆನ್ನೆಗಳ ಮೇಲೆ ಚೇಳಿನ ಕೊಂಡಿಯಂತೆ ಎದ್ದು ನಿಂತಿದ್ದವು.

“ಪರೀಕ್ಷೆ ಮಾಡಬೇಕಾಗಿದೆ,” ಎಂದು ಕುರ್ಚಿಯಲ್ಲಿ ಕುಳಿತರು. “ಗಡ್ಡ ತೆಗಿ. ಮೀಸೆಯ ಅಂಚು ಒಂದು ನೂಲಿನಷ್ಟು ಸಮ ಮಾಡು. ನೂಲು ಅಂದ್ರೆ ನೂಲು.”

ಪರೀಕ್ಷೆಯ ಸುದ್ದಿ ಚಹಾದಂಗಡಿಯಿಂದ ಮೊದಲೇ ಬಂದಿದ್ದರಿಂದ ಬೆರಳಣ್ಣನಿಗೆ ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ. ಬೆಳಿಗ್ಗೆ ಆತಂಕದಲ್ಲಿ ತಿಂಡಿ ತಿಂದಿರಲಿಲ್ಲ. ಆಗಷ್ಟೇ ಒಬ್ಬರ ತಲೆಗೆ ಎಣ್ಣೆ ತಿಕ್ಕಿ ಕಳಿಸಿದ್ದ. ವಾಸನೆ ಇನ್ನೂ ಕೋಣೆಯಲ್ಲಿ ಕೂತಿತ್ತು. ಪರೀಕ್ಷೆ ಚೆನ್ನಾಗಿ ನಡೆಯಲೆಂದು ಕನ್ನಡಿಯ ಮೇಲಿನ ಮೂರೂ ದೀಪಗಳನ್ನು ಹಾಕಿದ್ದ. ಅಂದರೆ ತಲೆನೋವನ್ನು ಕರೆಯಲು ಏನೇನು ಬೇಕೋ ಅಷ್ಟನ್ನೂ ಶ್ರದ್ಧೆಯಿಂದ ಜೋಡಿಸಿಟ್ಟಿದ್ದ. ಇದು ಅವನಿಗೆ ಗೊತ್ತಿರಲಿಲ್ಲ.

ಗಡ್ಡ ಸಲೀಸಾಗಿ ಮುಗಿಯಿತು. ನಿರೀಕ್ಷಕರು ತೃಪ್ತಿಯಿಂದ ಕಣ್ಣು ಮುಚ್ಚಿದರು. ಅವನು ಎದುರಿಗೆ ಬಂದು ನಿಂತು, ಮೀಸೆಗೆ ಕತ್ತಿ ಹಿಡಿದ. ಆಗ ಗಾಳಿಯಲ್ಲಿ ಬಾಚಣಿಗೆಯ ಹಲ್ಲು ಮಿನುಗಿತು. ಕಣ್ಣು ಎತ್ತ ತಿರುಗಿಸಿದರೂ ಅದು ಅತ್ತಲೇ ಬಂತು. ಮಿನುಗುತ್ತ ಮಿನುಗುತ್ತ ದೊಡ್ಡದಾಗಿ, ನಿರೀಕ್ಷಕರ ಮುಖದ ಬಲಭಾಗವನ್ನು ಪೂರ್ತಿ ನುಂಗಿತು. ಅರ್ಧ ಹಣೆ, ಒಂದು ಕಣ್ಣು, ಅರ್ಧ ಮೂಗು, ಅದರ ಕೆಳಗೆ ಅರ್ಧ ಮೀಸೆ, ಇಷ್ಟೇ ಉಳಿಯಿತು.

ಬೆರಳಣ್ಣ ಕತ್ತಿ ಹಿಂದಕ್ಕೆಳೆದ. ಇನ್ನರ್ಧ ಮೀಸೆ ಎಲ್ಲಿ? ಅವನ ತಲೆ ಆ ಹೊತ್ತಿಗೆ ಒಂದೇ ಉತ್ತರ ಕೊಟ್ಟಿತು: ನೀನೇ ಬೋಳಿಸಿಬಿಟ್ಟಿದ್ದೀಯ. ಕೈತಪ್ಪಿ, ಹದಿನೆಂಟು ವರ್ಷದ ಮೀಸೆಯ ಬಲಗಡೆಯನ್ನು ತೆಗೆದುಬಿಟ್ಟಿದ್ದೀಯ.

ಆದದ್ದಾಯಿತು. ಒಂದು ಕಡೆ ಇದ್ದು ಒಂದು ಕಡೆ ಇಲ್ಲದಿರುವುದಕ್ಕಿಂತ ಎರಡೂ ಇಲ್ಲದಿರುವುದು ವಾಸಿ. ಅದು ವೃತ್ತಿಧರ್ಮ ಕೂಡ. ಅವನು ಉಸಿರು ಬಿಗಿಹಿಡಿದು, ಉಳಿದಿದ್ದ ಎಡಗಡೆಯನ್ನು ಎರಡೇ ಎಳೆತಕ್ಕೆ ನುಣ್ಣಗೆ ತೆಗೆದ.

“ಆಯ್ತು ಸಾರ್. ಸಮ ಆಗಿದೆ.”

ನಿರೀಕ್ಷಕರು ಕಣ್ಣು ತೆರೆದರು. ಕನ್ನಡಿಯಲ್ಲಿ ಒಂದು ಕೊಂಡಿ ಮಾತ್ರ ಎದ್ದು ನಿಂತಿತ್ತು. ಅವರು ಬೋಳಾದ ಎಡಗಡೆಯನ್ನು ಬೆರಳಿನಿಂದ ಮತ್ತೆ ಮತ್ತೆ ತಡವಿ ನೋಡಿದರು. ಅಷ್ಟು ಹೊತ್ತಿಗೆ ಬಾಚಣಿಗೆಯ ಹಲ್ಲುಗಳು ಮೆಲ್ಲಗೆ ಕರಗಿ, ಬೋಳಿಸಿದೆನೆಂದುಕೊಂಡಿದ್ದ ಬಲಮೀಸೆ ಬೆರಳಣ್ಣನ ಕಣ್ಣೆದುರು ಕೂದಲು ಕೂದಲಾಗಿ ವಾಪಸು ಬಂತು. ಜೊತೆಗೆ ಮೊಳೆಯೂ ಬಂತು.

“ಸಾರ್,” ಎಂದ ಅವನು ಕ್ಷೀಣವಾಗಿ, “ಅದನ್ನೂ ತೆಗೆದುಬಿಡ್ಲಾ?”

“ಮುಟ್ಟಿದ್ರೆ ನೋಡು!” ನಿರೀಕ್ಷಕರು ಎದ್ದು ನಿಂತರು. “ಇದು ಈಗ ನನ್ನ ಮೀಸೆ ಅಲ್ಲ. ಸಾಕ್ಷಿ. ಸಾಹೇಬ್ರು ತರಬೇತಿಗೆ ಹೋಗಿದಾರೆ, ಸೋಮವಾರ ಬರ್ತಾರೆ. ಅವರು ಕಣ್ಣಾರೆ ನೋಡೋವರೆಗೂ ಇದರ ಒಂದು ಕೂದಲೂ ಅಲ್ಲಾಡೋ ಹಾಗಿಲ್ಲ.” ಕರವಸ್ತ್ರದಿಂದ ಮುಖ ಮುಚ್ಚಿಕೊಂಡು, ಕಾಗದದ ಮೇಲೆ ಬರೆದು ಬಾಗಿಲಿಗೆ ಅಂಟಿಸಿದರು: ದೃಷ್ಟಿ ಸರಿಯಿದೆ ಎಂದು ವೈದ್ಯರ ಪ್ರಮಾಣಪತ್ರ ತರುವವರೆಗೆ ಅಂಗಡಿ ತೆರೆಯತಕ್ಕದ್ದಲ್ಲ.

ಮರುದಿನ ಕಂಡಕ್ಟರು ರಜೆ ಹಾಕಿ, ಗಂಡನನ್ನು ಎರಡು ಬಸ್ಸು ಬದಲಿಸಿ ನಗರದ ಇನ್ನೊಂದು ತುದಿಗೆ ಕರೆದುಕೊಂಡು ಹೋದಳು. ಅಲ್ಲಿ ತಲೆನೋವಿಗೆಂದೇ ಒಬ್ಬ ವೈದ್ಯೆ ಇದ್ದರು. ಯಾರಾದರೂ ಗುರುತು ಹಿಡಿದಾರೆಂದು ಬೆರಳಣ್ಣ ಟೋಪಿ ಹಾಕಿ, ಮಫ್ಲರ್ ಸುತ್ತಿ, ಕಪ್ಪು ಕನ್ನಡಕ ಏರಿಸಿದ್ದ. ಬಸ್ಸಿನಲ್ಲಿದ್ದ ಮಗುವೊಂದು ಅವನನ್ನು ಕಂಡು ಅತ್ತಿತು.

ಕಾಯುವ ಕೋಣೆಯಲ್ಲಿ ದೀಪ ಮಂದವಾಗಿತ್ತು, ಪರದೆಗಳು ಎಳೆದಿದ್ದವು. ನಾಲ್ಕು ಜನ ಸಾಲಾಗಿ ಕುಳಿತಿದ್ದರು. ಎಲ್ಲರಿಗೂ ಕಪ್ಪು ಕನ್ನಡಕ. ಬೆರಳಣ್ಣ ಸಮಾಧಾನದಿಂದ ಖಾಲಿ ಕುರ್ಚಿಯಲ್ಲಿ ಕುಳಿತ. ಅವನು ಕುಳಿತ ಅರ್ಧ ನಿಮಿಷಕ್ಕೆ ಪಕ್ಕದವರು ಮೂಗರಳಿಸಿದರು. ಆಚೆಯವರೂ ಅರಳಿಸಿದರು. ಕೊನೆಯಲ್ಲಿದ್ದ ಮುದುಕರು ಕೈಯಲ್ಲಿದ್ದ ಪತ್ರಿಕೆ ಇಳಿಸಿದರು.

“ಬೆರಳಣ್ಣ?”

ನಿವೃತ್ತ ಹೆಡ್‌ಮಾಸ್ತರರು! ಅವರ ಪಕ್ಕದಲ್ಲಿದ್ದವನು ಎದುರಂಗಡಿಯ ಕನ್ನಡಕದವನು. ಉಳಿದಿಬ್ಬರು ಪ್ರತಿ ಭಾನುವಾರ ತಪ್ಪದೆ ತಲೆ ತಂದೊಪ್ಪಿಸುತ್ತಿದ್ದವರು.

“ನೀವೆಲ್ಲ ಇಲ್ಲಿ?” ಎಂದ ಬೆರಳಣ್ಣ. “ನನ್ನ ಹತ್ರ ಬಂದ್ರೆ ವಾಸಿ ಆಗ್ತಿತ್ತಲ್ಲ?”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹೆಡ್‌ಮಾಸ್ತರರೇ ಹೊಣೆ ಹೊತ್ತರು.

“ನೋಡಪ್ಪ, ಬೇಜಾರು ಮಾಡ್ಕೋಬೇಡ. ನೀನು ತಿಕ್ಕಿದ ಮೇಲೆ ನನಗೆ ಎರಡು ದಿನ ಹಾಸಿಗೆ ಬಿಟ್ಟು ಏಳೋಕಾಗಲ್ಲ. ಆ ವಾಸನೆ.”

“ಮೊದಲನೇ ದಿನ ಆಹಾ ಅಂದ್ರಲ್ಲ ಸಾರ್!”

“ಆಹಾ ಅನ್ಲಿಲ್ಲ. ನರಳಿದೆ.”

“ಮತ್ತೆ ಹನ್ನೆರಡು ವರ್ಷ ಯಾಕೆ ಬಂದ್ರಿ?”

“ಬರೋದ್ ಬಿಟ್ರೆ ನೀನು ನೊಂದ್ಕೊಳ್ತೀಯಾ ಅಂತ. ಅಷ್ಟು ದೊಡ್ಡ ಬೋರ್ಡು ಬೇರೆ ಬರೆಸಿದ್ದೆ.” ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. “ಇನ್ನೊಂದು ಹೇಳಿಬಿಡ್ತೀನಿ. ನಗರಸಭೆಗೆ ಅರ್ಜಿ ಬರೆದದ್ದೂ ನಾನೇ. ಅದೂ ನಿನ್ನ ಒಳ್ಳೇದಕ್ಕೇ.”

ಕನ್ನಡಕದವನು ನೆಲ ನೋಡುತ್ತಿದ್ದ. ಬೆರಳಣ್ಣ ಅವನ ಕಡೆ ತಿರುಗಿದ. “ಎದುರಿಗೇ ಅಂಗಡಿ ಇಟ್ಕೊಂಡು ಬೇರೆ ಕಡೆ ಹೋದೆ ಅಂತ ನನ್ನನ್ನ ಕೇಳಿದ್ಯಲ್ಲ?”

“ಕೇಳ್ಬಾರ್ದಿತ್ತು,” ಎಂದ ಅವನು.

ಬೆರಳಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹನ್ನೆರಡು ವರ್ಷ ಹತ್ತು ಬೆರಳು ಸವೆಸಿದ್ದೆಲ್ಲ ಇವರ ದಾಕ್ಷಿಣ್ಯದ ಮೇಲೆ ನಡೆದಿತ್ತು ಎಂದು ತಿಳಿದು, ಆ ಹತ್ತನ್ನೂ ಟೋಪಿಯೊಳಗೆ ಅಡಗಿಸಿದ. ಕಂಡಕ್ಟರು ಮೊದಲ ಬಾರಿಗೆ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ, “ಹೋಗ್ಲಿ ಬಿಡಿ,” ಎಂದಳು.

ವೈದ್ಯೆ ಅವನ ಕಣ್ಣಿಗೆ ದೀಪ ಬಿಟ್ಟು ನೋಡಿದರು, ಮೊಣಕಾಲಿಗೆ ಪುಟ್ಟ ಸುತ್ತಿಗೆಯಲ್ಲಿ ತಟ್ಟಿದರು, ಗೆರೆಯ ಮೇಲೆ ನಡೆಸಿದರು, ಎಲ್ಲ ಕೇಳಿ ಬರೆದುಕೊಂಡರು.

“ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ. ಇದು ಮೈಗ್ರೇನ್. ಅರೆತಲೆನೋವು ಅಂತಾರಲ್ಲ, ಅದು. ನಿಮಗೆ ಕಾಣೋ ಬಾಚಣಿಗೆ ಹಲ್ಲು ಕಣ್ಣಲ್ಲಿ ಹುಟ್ಟಲ್ಲ, ಮಿದುಳಲ್ಲಿ ಹುಟ್ಟುತ್ತೆ. ಕೆಲವರಿಗೆ ನೋವಿಗೆ ಮೊದಲು ಹಾಗೆ ಬಂದು ಹೋಗುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?”

“ನಮ್ಮಮ್ಮ ತಿಂಗಳಿಗೆರಡು ದಿನ ಬಾಗಿಲು ಹಾಕ್ಕೊಂಡು ಮಲಗ್ತಿದ್ಲು. ಕೋಪ ಅಂದ್ಕೊಂಡಿದ್ವಿ.”

ವೈದ್ಯೆ ತಲೆಯಾಡಿಸಿದರು. “ನಿಮ್ಮ ಮಿದುಳು ಸ್ವಲ್ಪ ಸೂಕ್ಷ್ಮ. ನಿದ್ದೆ ಕೆಟ್ರೆ, ಊಟ ತಪ್ಪಿದ್ರೆ, ಬೆಳಕು ಹೆಚ್ಚಾದ್ರೆ, ಘಾಟು ವಾಸನೆ ಬಂದ್ರೆ ತಡ್ಕೊಳ್ಳಲ್ಲ. ಅದು ನಿಮ್ಮ ತಪ್ಪಲ್ಲ, ನಾಟಕವೂ ಅಲ್ಲ.”

“ಮಾತ್ರೆ ಇಲ್ದೆ ಆಗುತ್ತಾ ಡಾಕ್ಟ್ರೇ?”

“ನೋಡೋಣ. ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ, ರಜೆ ದಿನಾನೂ. ಊಟ ತಿಂಡಿ ತಪ್ಪಿಸ್ಬೇಡಿ. ನೀರು ಕುಡೀರಿ, ದಿನಾ ಸ್ವಲ್ಪ ನಡೀರಿ. ಹಲ್ಲು ಕಾಣಿಸ್ಕೊಂಡ ತಕ್ಷಣ ಕತ್ತಿ ಕೆಳಗಿಡಿ, ಕತ್ತಲೆ ಕೋಣೇಲಿ ಹಣೆ ಮೇಲೆ ತಣ್ಣನೆ ಬಟ್ಟೆ ಹಾಕ್ಕೊಂಡು ನಿಧಾನಕ್ಕೆ ಉಸಿರಾಡಿ. ನೋವು ಬಂದ ದಿನ ಏನೇನಾಗಿತ್ತು ಅಂತ ಬರೆದಿಡಿ. ಎಲ್ಲರಿಗೂ ಇಷ್ಟರಲ್ಲೇ ಹೋಗುತ್ತೆ ಅಂತ ನಾನು ಹೇಳಲ್ಲ. ಮೂರು ತಿಂಗಳು ನೋಡಿ, ಸಾಲದಿದ್ರೆ ಮಾತ್ರೆ ಕೊಡ್ತೀನಿ, ಆಗ ನಾಚ್ಕೊಳ್ಳದೆ ತಗೋಬೇಕು.” ಅಷ್ಟು ಹೇಳಿ ಅವರು ಥಟ್ಟನೆ ನಿಲ್ಲಿಸಿ ಗಾಳಿ ಮೂಸಿದರು. “ಇದೇನು ವಾಸನೆ?”

ಬಾಗಿಲಾಚೆಯಿಂದ ನಾಲ್ಕು ದನಿಗಳು ಒಟ್ಟಿಗೆ ಬಂದವು: “ಅದೇ ಎಣ್ಣೆ ಡಾಕ್ಟ್ರೇ!”

ವೈದ್ಯೆ ಕುರ್ಚಿಗೊರಗಿದರು. “ಹನ್ನೊಂದು ಜನ ರೋಗಿಗಳ ನೋವಿನ ಲೆಕ್ಕದ ಪುಸ್ತಕದಲ್ಲಿ ‘ಭಾನುವಾರ, ಎಣ್ಣೆ’ ಅಂತ ಬರೆದಿದೆ. ಯಾರಪ್ಪ ಇದನ್ನ ಮಾಡೋನು ಅಂತ ಎಷ್ಟೋ ದಿನದಿಂದ ಹುಡುಕ್ತಿದ್ದೆ.”

ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ಎರಡು ಸಾಲು: ದೃಷ್ಟಿ ಸಂಪೂರ್ಣ ಸರಿಯಿದೆ, ಅಂದಿನ ಘಟನೆಗೆ ಕಾರಣ ಅರೆತಲೆನೋವು. ಮೊದಲ ಸಾಲು ಮಾತ್ರ ಕತ್ತರಿಸಿ ಕೊಡಬಹುದೇ ಎಂದು ಬೆರಳಣ್ಣ ದಾರಿಯುದ್ದಕ್ಕೂ ಯೋಚಿಸಿದ. ಕತ್ತರಿಸುವುದು ಅವನಿಗೆ ಬರುತ್ತಿದ್ದ ಕೆಲಸವೇ. ಆದರೆ ಹೆಂಡತಿ ಪತ್ರವನ್ನು ತನ್ನ ಚರ್ಮದ ಚೀಲದಲ್ಲಿ ಹಾಕಿ ಜಿಪ್ಪು ಎಳೆದಿದ್ದಳು.

ಸೋಮವಾರ ನಗರಸಭೆಯ ಸಾಹೇಬರು ನಿರೀಕ್ಷಕರ ಮುಖವನ್ನು ಎಡದಿಂದೊಮ್ಮೆ, ಬಲದಿಂದೊಮ್ಮೆ ನೋಡಿದರು. ಬಲದಿಂದ ನೋಡಿದಾಗ, “ಎಲ್ಲ ಸರಿಯಿದೆಯಲ್ರೀ,” ಎಂದರು. ಎಡದಿಂದ ನೋಡಿದಾಗ ಕೆಮ್ಮು ಬಂದವರಂತೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ಪ್ರಮಾಣಪತ್ರವನ್ನು ಇಡೀ ವಿಭಾಗಕ್ಕೆ ಕೇಳುವಂತೆ ಓದಿದರು. “ಅರೆತಲೆನೋವು” ಎಂಬಲ್ಲಿಗೆ ಬಂದಾಗ ಬೆರಳಣ್ಣ ಕಣ್ಣು ಮುಚ್ಚಿದ. ಯಾರೂ ನಗಲಿಲ್ಲ. ಜನನ ಮರಣದ ಮೇಜಿನ ಗುಮಾಸ್ತೆ, “ಯಾವ ಡಾಕ್ಟ್ರು? ಸ್ವಲ್ಪ ವಿಳಾಸ ಕೊಡ್ತೀರಾ?” ಎಂದಳು. ಅವಳ ಹಿಂದೆ ಇನ್ನೂ ಇಬ್ಬರು ಪೆನ್ನು ತೆಗೆದರು.

ಫೈಲು ಮುಗಿಯಿತು. ಸಾಕ್ಷಿಗೆ ಬಿಡುಗಡೆಯಾಯಿತು. ನಿರೀಕ್ಷಕರು ನೇರವಾಗಿ ಸಲೂನಿಗೇ ಬಂದು ಕುರ್ಚಿಯಲ್ಲಿ ಕುಳಿತರು. ಒಂದು ವಾರ ಕರವಸ್ತ್ರ ಹಿಡಿದು ಅವರ ಕೈ ಸೋತಿತ್ತು.

“ತಿಂಡಿ ತಿಂದಿದೀಯಾ?”

“ತಿಂದಿದೀನಿ ಸಾರ್.”

“ನಿದ್ದೆ?”

“ಏಳು ಗಂಟೆ.”

“ಬಲಗಡೆ ಕಾಣ್ತಿದೆಯಾ?”

“ಪೂರ್ತಿ ಕಾಣ್ತಿದೆ ಸಾರ್.”

“ಹಾಗಾದ್ರೆ ಕಾಣದ ಹಾಗೆ ಮಾಡು,” ಎಂದು ಕಣ್ಣು ಮುಚ್ಚಿದರು.

ಎಣ್ಣೆಯನ್ನು ಕಂಡಕ್ಟರು ತನ್ನ ಕೈಯಾರೆ ಚರಂಡಿಗೆ ಸುರಿದಳು. ಮೂರು ದೀಪಗಳ ಜಾಗದಲ್ಲಿ ಒಂದು ಉಳಿಯಿತು. ನೋವು ಒಮ್ಮೆಗೇ ಓಡಿಹೋಯಿತು ಎಂದರೆ ಸುಳ್ಳಾಗುತ್ತದೆ. ತಿಂಗಳಿಗೆ ನಾಲ್ಕು ಸಲ ಬರುತ್ತಿದ್ದದ್ದು ಒಂದಾಯಿತು, ಕೆಲವು ತಿಂಗಳು ಎರಡಾಯಿತು.

ಅಂಥದೊಂದು ಬಂದದ್ದು ಶನಿವಾರ ಸಂಜೆ, ಅಂಗಡಿ ತುಂಬಿದ್ದಾಗ. ಕುರ್ಚಿಯಲ್ಲಿ ಕನ್ನಡಕದವನಿದ್ದ, ಅವನ ತಲೆಯ ಅರ್ಧ ಮುಗಿದಿತ್ತು, ಇನ್ನರ್ಧ ಪೊದೆಯಾಗಿತ್ತು. ಕಾಯುತ್ತಿದ್ದವರು ಏಳು ಜನ, ಎಲ್ಲರೂ ಏನೇನೋ ಗಟ್ಟಿಯಾಗಿ ವಾದಿಸುತ್ತಿದ್ದರು. ಬೆರಳಣ್ಣನ ಎದುರು ಗಾಳಿ ಮಿನುಗಿತು. ಅವನು ಕತ್ತರಿ ಕೆಳಗಿಟ್ಟ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

“ನನಗೆ,” ಎಂದ, “ತಲೆನೋವು ಬರ್ತಿದೆ.”

ವಾದ ನಿಂತಿತು. ಅವನು ಯಾರ ಮುಖವನ್ನೂ ನೋಡದೆ ಹಿಂದಿನ ಕೋಣೆಗೆ ಹೋಗಿ, ಪರದೆ ಎಳೆದು, ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ. ಹೊರಗೆ ಏನಾಗುತ್ತಿದೆಯೋ ತಿಳಿಯಲಿಲ್ಲ. ಕೆಲಸ ಮುಗಿಸಿ ಬಂದ ಹೆಂಡತಿಯ ಹೆಜ್ಜೆ ಕೇಳಿಸಿತು. “ಶ್...” ಎಂದಳು ಅವಳು. ತುಂಬಿದ ಬಸ್ಸನ್ನು ಇಪ್ಪತ್ತು ವರ್ಷ ಸುಮ್ಮನಿರಿಸಿದ ಗಂಟಲಿನ ಶ್ ಅದು. ಚಹಾದಂಗಡಿಯ ರೇಡಿಯೋ ಕೂಡ ನಿಂತುಹೋಯಿತು.

ಮುಕ್ಕಾಲು ಗಂಟೆಯ ಮೇಲೆ, ಮೊಳೆ ಮೊಂಡಾದಂತೆನಿಸಿದಾಗ, ಅವನು ಗೋಡೆ ಹಿಡಿದುಕೊಂಡು ಎದ್ದು, ಪರದೆ ಸರಿಸಿ ನೋಡಿದ. ಅಂಗಡಿ ಖಾಲಿಯಾಗಿರುತ್ತದೆ ಎಂದುಕೊಂಡಿದ್ದ. ಯಾರೋ ದೀಪ ಆರಿಸಿದ್ದರು. ಅರೆಗತ್ತಲಲ್ಲಿ ಏಳೂ ಜನ ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒರಗಿಕೊಂಡು ಕುಳಿತಿದ್ದರು. ಮೂವರು ನಿದ್ದೆ ಹೋಗಿದ್ದರು. ಅರ್ಧ ತಲೆಯ ಕನ್ನಡಕದವನು ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತು, ಹೊಸದಾಗಿ ಬಂದ ಗಿರಾಕಿಯೊಬ್ಬನಿಗೆ ಬೆರಳ ಸನ್ನೆಯಲ್ಲೇ ಜಾಗ ತೋರಿಸುತ್ತಿದ್ದಳು.

ಬೆರಳಣ್ಣ ಕತ್ತರಿ ಎತ್ತಿಕೊಂಡ. ನಿದ್ದೆ ಕೆಡದಂತೆ, ಪೊದೆಯ ಕಡೆಯಿಂದ ಮೆಲ್ಲಗೆ ಶುರು ಮಾಡಿದ.